ಕಾಗದದ ಅಡವಿ: ಕೆಳಗಿನಿಂದ ಕಂಡ ಗೂಡು

“ಅಯ್ಯಾರ, ಇದು ನಾ ಕೊರದದ್ದಲ್ಲ.”

ನೀಲಗಂಗವ್ವ ಈ ಮಾತನ್ನು ತುಟಿ ಅಲುಗಿಸದೆ ಹೇಳಿದಳು. ನಾನು ಅವಳ ಪಕ್ಕದಲ್ಲಿ ಅಂಟಿನ ಡಬ್ಬಿ ಹಿಡಿದುಕೊಂಡು, ಅವಳ ಅಣ್ಣನೆಂದು ಹೇಳಿಕೊಂಡು ನಿಂತಿದ್ದೆ. ಮಿರಜದ ಸಿದ್ರಾಮಪ್ಪನವರ ಪಡಸಾಲೆಯಲ್ಲಿ ಹತ್ತು ಹನ್ನೆರಡು ಹೆಂಗಸರು ಸೇರಿದ್ದರು. ಹೊರಗೆ ಇನ್ನೂ ಮಾಘಮಾಸದ ತಣ್ಣನೆಯ ಮುಂಜಾನೆ. ನನ್ನ ಬೆನ್ನಿಗೆ ಮಾತ್ರ ಬೆವರು ಇಳಿಯುತ್ತಿತ್ತು.

ಬೆವರಿಗೆ ಕಾರಣವಿತ್ತು. ನಾನು ಸಾಂಗ್ಲಿ ಸಂಸ್ಥಾನದ ಪೊಲೀಸ್ ಜಮಾದಾರ. ಸಾಂಗ್ಲಿಯಲ್ಲಿ ಕಲ್ಲಯ್ಯ ಎಂದರೆ ಸಂತೆಯ ಜನ ದಾರಿ ಬಿಡುತ್ತಾರೆ. ಆರು ಮೈಲಿ ದಾಟಿ ಮಿರಜಕ್ಕೆ ಬಂದರೆ ನಾನು ಯಾರೂ ಅಲ್ಲ. ಸಂಸ್ಥಾನ ಬೇರೆ, ರಾಜರು ಬೇರೆ, ಠಾಣೆ ಬೇರೆ. ಇಲ್ಲಿ ನಾನು ಯಾರ ಮೈಮೇಲೆ ಕೈ ಹಾಕಿದರೂ ಒಳಗೆ ಹೋಗುವವನು ನಾನೇ. ಅದಕ್ಕೇ ಕೆಂಪು ರುಮಾಲನ್ನು ಮನೆಯಲ್ಲಿಟ್ಟು, ಒಬ್ಬರಿಗೂ ಹೇಳದೆ, ಮೂರನೆಯ ದರ್ಜೆಯ ಡಬ್ಬಿಯಲ್ಲಿ ಕೂತು ಬಂದಿದ್ದೆ.

ಬರದೆ ಗತಿ ಇರಲಿಲ್ಲ. ನೀಲಗಂಗವ್ವನ ಮಗಳು ಮಂಗಲ ಹನ್ನೊಂದು ದಿನಗಳ ಹಿಂದೆ, ತಾಯಿ ಮದುವೆಗೆಂದು ಕೊರೆದ ಕಾಗದದ ಅಡವಿಯನ್ನು ಇದೇ ಮನೆಗೆ ಮುಟ್ಟಿಸಲು ಬಂದವಳು ತಿರುಗಿ ಬಂದಿರಲಿಲ್ಲ. ಅದೇ ದಿನ ಸಂಜೆಯ ರೈಲುಗಾಡಿಗೆ ಹೋದಳು ಎನ್ನುತ್ತಾರೆ ಈ ಮನೆಯವರು. ಆ ಗಾಡಿಯಲ್ಲಿ ಅವಳನ್ನು ಕಂಡವರು ಒಬ್ಬರೂ ಸಿಕ್ಕಿಲ್ಲ.

ಪಡಸಾಲೆಯಲ್ಲಿ ರುಖವತ ಹರಡಿತ್ತು. ರುಖವತವೆಂದರೆ ಮದುವೆಯಲ್ಲಿ ಹೆಣ್ಣಿನ ಕಡೆಯವರು ಬೀಗರ ಮುಂದೆ ಸಾಲಾಗಿ ಇಡುವ ಕೈಗೆಲಸ. ಪದ್ಧತಿ ಮರಾಠಿಯದು. ಆದರೆ ನಮ್ಮ ಪೇಟೆಯ ಲಿಂಗಾಯತ ವ್ಯಾಪಾರಸ್ಥರಿಗೆ ಅದು ಹುಟ್ಟಿನಿಂದ ಬಂದದ್ದೇನೋ ಎಂಬಷ್ಟು ಮೈಗೆ ಹತ್ತಿಬಿಟ್ಟಿದೆ. ಸಕ್ಕರೆಯ ತುಳಸಿಕಟ್ಟೆ, ಮಣಿಯ ಗಿಳಿ, ಶಾವಿಗೆಯ ಮಂಟಪ ಎಲ್ಲರ ಮನೆಯಲ್ಲೂ ಇರುತ್ತವೆ. ನೀಲಗಂಗವ್ವನ ಕಾಗದದ ಅಡವಿ ಇದ್ದ ಮದುವೆಯ ಗತ್ತೇ ಬೇರೆ.

ಮೊಳ ಉದ್ದದ ಕಟ್ಟಿಗೆಯ ಚೌಕಟ್ಟು. ಅದರೊಳಗೆ ಒಂದರ ಮುಂದೆ ಒಂದು, ಬೆರಳಿನಷ್ಟು ಅಂತರದಲ್ಲಿ ಏಳು ಪದರ ಕಾಗದ. ಹಿಂದೆ ಗುಡ್ಡ, ಅದರ ಮುಂದೆ ಹೊಳೆ, ಗಿಡ, ಬಳ್ಳಿ, ಎಲ್ಲಕ್ಕೂ ಮುಂದೆ ಎಲೆಯ ಮೇಲೆ ಕೂತ ಪತಂಗ. ಎಲ್ಲವೂ ಚಾಕುವಿನ ತುದಿಯಿಂದ ಕೊರೆದದ್ದು. ಹಿಂದೆ ದೀಪ ಇಟ್ಟರೆ ಆ ಅಡವಿಯಲ್ಲಿ ಬೆಳಗಾಗುತ್ತದೆ. ಬೀಗರ ಹೆಂಗಸರು ಅದರ ಮುಂದೆ ಕೂತು ಉಗುರು ತಾಗಿಸಿ ಪದರ ಎಣಿಸುತ್ತಾರೆ. ಏಳು ಬಂದರೆ ಮರ್ಯಾದೆ. ಆರು ಬಂದರೆ ಹತ್ತು ವರ್ಷ ಆಡಿಕೊಳ್ಳುತ್ತಾರೆ.

“ಯಾವುದು ನಿಂದಲ್ಲ?” ಎಂದೆ, ಅಷ್ಟೇ ಮೆಲ್ಲಗೆ.

“ನಾಕನೇದ್ದು. ನಾ ಅಲ್ಲಿ ಕೃಷ್ಣಾ ದಂಡಿ ಆಪುಹುಲ್ಲು ಕೊರದಿದ್ದೆ, ಅದರಾಗ ಮೂರು ಬೆಳ್ಳಕ್ಕಿ. ಇಲ್ಲಿ ನೋಡ್ರಿ, ಜಾಲಿಗಿಡ ಐತಿ.”

ನೋಡಿದೆ. ಜಾಲಿಯ ಕೊಂಬೆ, ಮುಳ್ಳು, ಕೊಂಬೆಯಿಂದ ಜೋತುಬಿದ್ದ ಗೀಜಗನ ಗೂಡುಗಳು. ನನ್ನ ಕಣ್ಣಿಗೆ ಅದೂ ಉಳಿದವುಗಳಷ್ಟೇ ಚೆನ್ನಾಗಿತ್ತು. ಕಳ್ಳರ ಮುಖ ಓದಬಲ್ಲೆ, ಕಾಗದ ಓದಲಾರೆ.

ನೀಲಗಂಗವ್ವ ಧೂಳು ಒರೆಸುವ ನೆವ ಮಾಡಿ ಬೆರಳನ್ನು ಒಳಗೆ ತೂರಿಸಿದಳು. “ಅಂಚು ನೋಡ್ರಿ.”

ನಾಲ್ಕನೆಯ ಪದರದ ಅಂಚು ಗರಗಸ ಎಳೆದಂತೆ ಕೊರೆದುಹೋಗಿತ್ತು. ಉಳಿದ ಆರಕ್ಕೆ ಒಂದು ಗೀರೂ ಇಲ್ಲ.

“ಜಿರಲಿ ತಿಂದಾವು. ನಾ ಅಂಟಿಗೆ ಮೈಲುತುತ್ತ ಹಾಕತೇನಿ. ನನ್ನ ಅಂಟು ತಿಂದ ಜಿರಲಿ ಉಳಿಯೂದಿಲ್ಲ. ಇದು ಅಡಗಿಮನಿ ಗೋಧಿಹಿಟ್ಟಿನ ಅಂಟು, ಅಯ್ಯಾರ.”

ಅಂದರೆ ಆ ಪದರವನ್ನು ಅಂಟಿಸಿದ್ದು ಈ ಮನೆಯಲ್ಲಿ. ಇಷ್ಟು ನನಗೂ ತಿಳಿಯಿತು. “ಕೊರದವರು ಯಾರು?”

ಅವಳು ಕಣ್ಣು ಮುಚ್ಚಿ ಕೊಂಬೆಯೊಂದರ ಅಂಚನ್ನು ಬೆರಳಿನಿಂದ ಸವರಿದಳು.

“ಮಂಗಲ. ಆಕಿ ಎಡಚಿ. ನನ್ನ ಚಾಕು ಬಲಕ್ಕ ವಾಲತೈತಿ, ಆಕೀದು ಎಡಕ್ಕ. ಮುಟ್ಟಿದರ ತಿಳೀತೈತಿ.”

“ಎಷ್ಟು ದಿನದ ಕೆಲಸ ಇದು?”

“ನಾಕು ದಿನ. ಮೂರರಾಗ ಆಗಂಗಿಲ್ಲ.”

ಬಂದ ದಿನವೇ ಸಂಜೆ ಹೋದಳೆಂಬ ಹುಡುಗಿ ನಾಲ್ಕು ದಿನ ಕೂತು ಕೊರೆದಿದ್ದಾಳೆ. ನನಗೆ ಸಂತೋಷವಾಯಿತು, ಅದರ ಬೆನ್ನಿಗೇ ಹೆದರಿಕೆಯೂ ಆಯಿತು. ಕೂಡಿಹಾಕಿ ಕೆಲಸ ಮಾಡಿಸುವವರು ಕೆಲಸ ಮುಗಿದ ಮೇಲೆ ಬಾಡಿಗೆ ಗಾಡಿ ಮಾಡಿ ಮನೆಗೆ ಕಳಿಸುವುದಿಲ್ಲ.

“ಇನ್ನೊಂದು ಐತಿ,” ಎಂದಳು ನೀಲಗಂಗವ್ವ. “ಕಣ್ಣಿಲೆ ಕಾಣದ್ದು ಕೊರೀಬ್ಯಾಡ ಅಂತ ನಾನ ಕಲಿಸೇನಿ. ಒಂದು ಎಲಿ ಕೊರ್ಯಾಕ ಆಕಿ ದಿನಗಟ್ಟಲೆ ಗಿಡದ ಮುಂದ ಕುಂದರತಾಳ. ಈ ಗೂಡಿನ ಬಾಯಿ ನೋಡ್ರಿ, ದುಂಡಗ ಕಾಣತೈತಿ. ಗೀಜಗನ ಗೂಡಿನ ಬಾಯಿ ತಳದಾಗ ಇರತೈತಿ, ಅಯ್ಯಾರ. ದೂರ ನಿಂತವರಿಗೆ ಅದು ಕಾಣೂದ ಇಲ್ಲ.”

“ಅಂದ್ರ?”

“ಗಿಡದ ಬುಡ ಎಲ್ಲಿ? ಬುಡ ಇಲ್ಲ. ಬರೇ ಕೊಂಬಿ, ಗೂಡು, ಬಾಯಿ. ನನ್ನ ಮಗಳು ಇದನ್ನ ಕೆಳಗಿಂದ ನೋಡ್ಯಾಳ. ನೆಟ್ಟಗ ಕೆಳಗಿಂದ.”

ಗೀಜಗ ಎಲ್ಲಿ ಗೂಡು ಕಟ್ಟುತ್ತದೆ ಎಂಬುದು ಕುರಿ ಕಾಯುವ ಹುಡುಗರಿಗೂ ಗೊತ್ತು. ಹಾವಿಗೆ ಸಿಗಬಾರದೆಂದು ಅದು ನೀರಿನ ಮೇಲೆ ಬಾಗಿದ ಕೊಂಬೆಯನ್ನು ಹುಡುಕುತ್ತದೆ. ಆ ಕೊಂಬೆಯ ನೆಟ್ಟ ಕೆಳಗೆ ಒಬ್ಬರನ್ನು ಕೂಡಿಹಾಕಬಹುದಾದ ಜಾಗ ಒಂದೇ.

“ಭಾಂವಿ,” ಎಂದಳು ಅವಳು, ನನ್ನ ಮಣಿಕಟ್ಟು ಹಿಡಿದುಕೊಂಡು.

“ಕಲ್ಲಯ್ಯಾರ, ರುಮಾಲ ಎಲ್ಲಿ ಬಿಟ್ಟು ಬಂದೀರಿ?”

ತಿರುಗಿ ನೋಡಿದೆ. ಹಿಂದೆ ಸಿದ್ರಾಮಪ್ಪ ನಿಂತಿದ್ದ. ಮದುಮಗಳು ಅನುಸೂಯಾಬಾಯಿಯ ಕಾಕಾ, ಅಣ್ಣ ತೀರಿಕೊಂಡ ಮೇಲೆ ಈ ಮನೆಗೆ ಅವನೇ ಯಜಮಾನ. ಒಣಕಲು ಮೈ, ಹಣೆಗೆ ಮೂರು ಬೆರಳು ವಿಭೂತಿ, ಕೈಯಲ್ಲಿ ಅಡಕೊತ್ತು. ಅವನು ಕಣ್ಣಿನಲ್ಲೇ ಒಳಕೋಣೆ ತೋರಿಸಿದ. ನಾವು ಹೋದೆವು. ಬಾಗಿಲು ಮುಚ್ಚಿತು. ಮುಚ್ಚುವ ಮೊದಲು ಹೊಸ್ತಿಲ ಆಚೆ ಬಡಿಗೆ ಹಿಡಿದ ಇಬ್ಬರು ಆಳುಗಳು ಕಂಡರು.

“ಸಾಂಗ್ಲಿ ಜಮಾದಾರ್ರು ಅಂಟಿನ ಡಬ್ಬಿ ಹಿಡಕೊಂಡು ನಮ್ಮನಿಗೆ ಬರೂದಂದ್ರ ನಮ್ಮ ಪುಣ್ಯ. ಮಿರಜ ಫೌಜದಾರರಿಗೆ ಹೇಳಿ ಬಂದೀರೇನ?”

“ಇಲ್ಲ.”

“ಕೈಯಾಗ ಕಾಗದಪತ್ರ?”

“ಇಲ್ಲ.”

“ಹಂಗಾದರ ನಿಮಗೂ ಕಳ್ಳರಿಗೂ ಏನು ಫರಕ್ ಉಳೀತು?”

ಅಡಕೊತ್ತು ಕಟ್ ಎಂದಿತು. ನನಗೆ ಹೆದರಿಕೆಯಾಯಿತು ಎಂದು ಒಪ್ಪಿಕೊಳ್ಳಲು ನಾಚಿಕೆ ಇಲ್ಲ. ಮೂವತ್ತು ವರ್ಷದ ನೌಕರಿಯಲ್ಲಿ ಒಂದು ಕಲಿತಿದ್ದೇನೆ, ಹೆದರಿಕೆಯಾದಾಗ ನೇರ ಪ್ರಶ್ನೆ ಕೇಳಿಬಿಡಬೇಕು. ಹೆಚ್ಚು ಯೋಚಿಸಿದರೆ ನಾಲಿಗೆ ಒಣಗುತ್ತದೆ.

“ಮಂಗಲ ಎಲ್ಲಿ?”

“ಸಂಜಿ ಗಾಡಿಗೆ ಹೋದ್ಲು. ಎಷ್ಟು ಸಲ ಹೇಳಲಿ?”

“ಹಂಗಾದರ ನಾಕನೇ ಪದರ ಯಾರು ಕೊರದ್ರು?”

“ಎಲ್ಲೀ ಪದರ?”

“ರುಖವತದಾಗಿನ ಅಡವೀದು.”

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ನಕ್ಕ. “ಅಯ್ಯಾರ, ನಾ ಅರಿಶಿಣದ ವ್ಯಾಪಾರಸ್ಥ. ಅರಿಶಿಣದ ಕೊಂಬು ಕೈಯಾಗ ಕೊಡ್ರಿ, ಯಾವ ಊರಿಂದು ಅಂತ ಹೇಳತೇನಿ. ಆ ಕಾಗದದ ಪೆಟ್ಟಿಗ್ಯಾಗ ನಾಕು ಪದರ ಅವನೋ ನಾನೂರ ಅವನೋ ನನಗೇನ ಗೊತ್ತು? ಅದೆಲ್ಲಾ ಹೆಂಗಸರ ಬಾಬತ್ತು.”

ಚೆನ್ನಾಗಿ ಸುಳ್ಳು ಹೇಳುತ್ತಾನೆ ಎಂದುಕೊಂಡೆ. ಮುಂದಿನ ಪ್ರಶ್ನೆಯನ್ನು ಅವನ ಕೈ ನೋಡುತ್ತ ಕೇಳಿದೆ. “ನಿಮ್ಮ ಭಾಂವಿ ಎಲ್ಲೆಲ್ಲಿ ಅವ?”

ಅಡಕೊತ್ತು ಅರ್ಧಕ್ಕೇ ನಿಂತಿತು. ನಗು ಅಳಿಸಿಹೋಯಿತು. ಹಣೆಯ ವಿಭೂತಿಗಿಂತ ಮುಖವೇ ಹೆಚ್ಚು ಬಿಳಿಚಿಕೊಂಡಿತು.

“ಭಾಂವಿ ಸುದ್ದಿ ಯಾಕ ಬಂತೀಗ?”

“ಕೇಳಿದೆ.”

“ನಮ್ಮಣ್ಣ ಕಾಲು ಜಾರಿ ಭಾಂವ್ಯಾಗ ಬಿದ್ದು ಸತ್ತು ಇನ್ನೂ ನಾಕು ತಿಂಗಳಾಗಿಲ್ಲ. ವರ್ಷದೊಳಗ ಮಗಳ ಮದುವಿ ಮಾಡಿದರ ಅವನ ಆತ್ಮಕ್ಕ ಶಾಂತಿ ಅಂತ ನಾ ಓಡ್ಯಾಡಾಕ ಹತ್ತೇನಿ. ನೀವು ಬಂದು ಭಾಂವಿ ಕೇಳತೀರಿ!”

ಒಂದೊಂದೇ ತುಂಡು ಕೂಡಿಬರುತ್ತಿತ್ತು. ಅಣ್ಣ ಬಾವಿಯಲ್ಲಿ ಬಿದ್ದ. ಬಾವಿಯೊಳಗೆ ಹುಡುಗಿ. ನಡುವೆ ಇರುವುದು ಏನು?

“ಅಣ್ಣಾರು ಮೃತ್ಯುಪತ್ರ ಬರದಿದ್ರೇನ?”

“ಬರದಾನ. ದೇವರಮನಿ ಪೆಟ್ಟಿಗ್ಯಾಗ ಐತಿ. ನಾಡದ ಅಕ್ಷತಾ ಬಿದ್ದ ಮ್ಯಾಲ ಬೀಗರ ಮುಂದ ಒಡಿಯೂದು. ಅದು ಅವನ ಮಾತು.”

“ಅದರಾಗ ಏನೈತಿ?”

“ನನಗ ಗೊತ್ತಿಲ್ಲ.” ಅವನು ಅಡಕೊತ್ತನ್ನು ಜಾಡಿಸಿ ಮಣೆಯ ಮೇಲೆ ಇಟ್ಟ. “ಗೊತ್ತು ಮಾಡಕೊಂಡೂ ಇಲ್ಲ.”

ಅಷ್ಟರಲ್ಲಿ ನೀಲಗಂಗವ್ವ ಅವನ ಕಾಲ ಮೇಲೆ ಬಿದ್ದಳು. ತಡೆಯಲು ಹೋದೆ, ಆಗಲಿಲ್ಲ. “ಯಪ್ಪಾ, ನನ್ನ ಮಗಳನ್ನ ಕೊಡ್ರಿ. ನಿಮ್ಮ ಹೆಸರು ಎಲ್ಲೂ ಎತ್ತೂದಿಲ್ಲ. ಅಡವಿ ಕೊರಿಯೂದ ಬಿಟ್ಟು ಊರು ಬಿಟ್ಟು ಹೋಗತೇವಿ. ಆಕೀನ್ನಷ್ಟು ಕೊಡ್ರಿ.”

ಸಿದ್ರಾಮಪ್ಪ ಹಿಂದೆ ಸರಿದ. ಅವನ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದೆ, ನೋಡಿ ನಂಬಲಿಲ್ಲ. “ಏಳವಾ ತಂಗಿ. ನನಗ ಗೊತ್ತಿದ್ದರ ನಿನ್ನ ಹಂತ್ಯಾಕ ಮುಚ್ಚಿಡಲಿ?” ಎಂದವನು ನನ್ನ ಕಡೆ ತಿರುಗಿದ. “ಮಧ್ಯಾಹ್ನದ ಗಾಡಿಗೆ ಇಬ್ಬರೂ ಹೋಗಬೇಕು. ಉಳದ್ರ ಫೌಜದಾರರನ್ನ ಕರಸತೇನಿ. ಮದುವಿ ಮನ್ಯಾಗ ನನಗ ಗದ್ದಲ ಬ್ಯಾಡ.”

ಹಿತ್ತಲ ದಾರಿಯಿಂದ ಹೊರಗೆ ಬಿದ್ದೆವು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನೀಲಗಂಗವ್ವ ಗಕ್ಕನೆ ನಿಂತಳು.

“ಮೃತ್ಯುಪತ್ರಕ್ಕ ಹೆಬ್ಬಟ್ಟು ಒತ್ತಿರತಾರ ಅಲ್ಲೇನ್ರಿ?”

“ಒತ್ತಿರತಾರ.”

“ಹಳೇ ಕೈಕಾಗದ ದಪ್ಪ ಇರತೈತಿ. ನೀರಿಲೆ ಹದ ಮಾಡಿ ಅದನ್ನ ಎರಡು ಪದರ ಸೀಳಬಹುದು. ದೂರದ ಗುಡ್ಡದ ಮಂಜಿಗೆ ನಮಗ ಅಂಥಾ ತೆಳು ಕಾಗದ ಬೇಕಾಗತೈತಿ. ಹಂಗ ಹೆಬ್ಬಟ್ಟಿದ್ದ ಪದರ ಎಬ್ಬಿಸಿ ಬ್ಯಾರೆ ಪತ್ರದ ಮ್ಯಾಲ ಕುಂದರಿಸಿದರ ಬೆಸುಗಿ ಕಾಣೂದಿಲ್ಲ. ಈ ಕೆಲಸ ಬರೂದು ನನಗ, ಮಂಗಲಾಗ. ಮೂರನೇದವರಿಲ್ಲ.”

ಸತ್ತವನ ಹೆಬ್ಬೆಟ್ಟು ಹೊಸ ಪತ್ರಕ್ಕೆ. ಇಡೀ ಮನೆತನದ ಆಸ್ತಿ ಒಂದು ತೆಳು ಕಾಗದದ ಮೇಲೆ ಆಚೆಯಿಂದ ಈಚೆಗೆ ಬರುತ್ತದೆ. ನೀಲಗಂಗವ್ವನಿಗೆ ಕಾಗದ ಮಾರುವ ಸಾಂಗ್ಲಿಯ ವ್ಯಾಪಾರಿ ಮಹಾವೀರನ ಮೇಲೆ ಇಷ್ಟು ದಿನ ಸಂಶಯಪಟ್ಟು ಅವನ ಅಂಗಡಿಯ ಮುಂದೆ ಕಾಲು ಸವೆಸಿದ್ದಕ್ಕೆ ನನ್ನನ್ನು ನಾನೇ ಬೈದುಕೊಂಡೆ.

“ಆ ಕೆಲಸ ಮುಗದ ಮ್ಯಾಲ ಮಂಗಲಾನ್ನ ಏನು ಮಾಡತಾರ್ರಿ?” ಎಂದಳು ನೀಲಗಂಗವ್ವ.

ನಾನು ಅವಳ ತೋಳು ಹಿಡಿದು ಹಿತ್ತಲ ಬಾಗಿಲ ಕಡೆ ನಡೆಸಿದೆ.

“ಜಮಾದಾರ್ರ.”

ದನದ ಕೊಟ್ಟಿಗೆಯ ಮರೆಯಿಂದ ಒಬ್ಬ ಹುಡುಗಿ ಬಂದಳು. ಹತ್ತೊಂಬತ್ತು ವರ್ಷವಿರಬೇಕು. ಕೈತುಂಬ ಹಸಿರು ಬಳೆ, ಅತ್ತು ಕೆಂಪಾದ ಕಣ್ಣು. ಮದುಮಗಳು ಅನುಸೂಯಾಬಾಯಿ.

“ನಾ ಬಾಗಲದ ಹಿಂದ ನಿಂತು ಎಲ್ಲಾ ಕೇಳೇನಿ. ಮಾವಶಿ, ನಿಮ್ಮ ಮಗಳು ನನ್ನ ವಾರಗಿ. ನನಗ ನಿದ್ದಿ ಹತ್ತೂದಿಲ್ಲ.”

“ನಿನಗೇನರ ಗೊತ್ತೈತೇನವಾ?” ಎಂದೆ.

“ರೇಲ್ವೆದಾಗ ಬರುವಾಗ ನಾಕನೇ ಪದರ ಹರದಿತ್ರಿ. ಐದಾರು ದಿನದ ಮ್ಯಾಲ ಕಾಕಾ ಹೊಸಾದು ಸುರಳಿ ಸುತ್ತಿ ತಂದು ನನ್ನ ಕೈಯಾಗ ಕೊಟ್ರು. ಯಾರು ಕೊರದ್ರು ಅಂತ ನಾ ಕೇಳಲಿಲ್ಲ. ಕೇಳಬೇಕಿತ್ತು. ನಾನ ಗೋಧಿಹಿಟ್ಟಿನ ಅಂಟು ಕಾಸಿ ಹಚ್ಚಿದೆ.” ಅವಳ ದನಿ ಒಡೆಯಿತು. “ಸಲಗರೆ ದಾರ್ಯಾಗ ನಮ್ಮ ಮಳಾ ಐತಿ, ನೀರಾವರಿ ತ್ವಾಟ. ಅಪ್ಪಾ ಬಿದ್ದದ್ದು ಅಲ್ಲೀ ಭಾಂವ್ಯಾಗ. ಅದರ ಗ್ವಾಡಿ ಒಳಗ ಹಿಂದಿನ ಕಾಲದ ಒಂದು ಖೋಲಿ ಐತ್ರಿ, ಬ್ಯಾಸಿಗ್ಯಾಗ ತಂಪಿಗೆ ಕುಂದರಾಕ ಕಟ್ಟಿಸಿದ್ದು. ಅಪ್ಪಾ ಹೋದಾಗಿಂದ ಕಾಕಾ ಅದಕ್ಕ ಕೀಲಿ ಹಾಕ್ಯಾರ.”

“ಭಾಂವಿ ಮ್ಯಾಲ ಜಾಲಿಗಿಡ?”

“ಐತ್ರಿ. ಗೂಡು ಜೋತಾಡತಾವು.”

ಅವಳು ಸೆರಗಿನ ಗಂಟು ಬಿಚ್ಚಿ ಕೀಲಿಕೈ ತೋರಿಸಿದಳು. ಕಾಕಾನ ಕೋಟಿನಿಂದ ತೆಗೆದದ್ದಂತೆ. ನೀಲಗಂಗವ್ವ ಆ ಹುಡುಗಿಯ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

“ಮದುವಿ ಮುಂದ ಗಂಗಿ ಪೂಜಾ ಮಾಡಬೇಕು ಅಂತ ಹೇಳಿ ದಮಣಿ ಗಾಡಿ ಹೂಡಸತೇನಿ. ನೀವು ಜಂಗಮ ಅಯ್ಯನವರು, ಪೂಜಾಕ್ಕ ಬಂದೀರಿ ಅಂದ್ರ ಯಾರೂ ಕೇಳೂದಿಲ್ಲ. ಖರೇ ಹೇಳ್ರಿ ಜಮಾದಾರ್ರ, ನೀವಿಲ್ಲಿಗೆ ಬಂದದ್ದು ಸಾಂಗ್ಲ್ಯಾಗ ಯಾರಿಗರ ಗೊತ್ತೈತೇನು? ನಿಮ್ಮ ಪೊಲೀಸರು ಹುಡಿಕ್ಕೊಂಡು ಬಂದ್ರ ಕಾಕಾ ಮೊದಲ ಮಂಗಲಾನ್ನ…”

“ನನ್ನ ಹೆಂಡತಿಗೂ ಗೊತ್ತಿಲ್ಲವ್ವಾ.”

“ಚಲೋ ಆತು,” ಎಂದಳು, ಕಣ್ಣು ಒರೆಸಿಕೊಂಡು.

ದಮಣಿಯಲ್ಲಿ ಮೂವರೂ ಹೊರಟೆವು. ಸಿತಾರ ಮಾಡುವವರ ಗಲ್ಲಿ ದಾಟಿ ಊರು ಹಿಂದೆ ಬಿತ್ತು. ಎರಡೂ ಕಡೆ ಬಿಳಿಜೋಳ ತೆನೆ ಬಿಟ್ಟು ನಿಂತಿತ್ತು. ಹಿಂದೆ ಯಾವುದಾದರೂ ಗಾಡಿ ಬರುತ್ತಿದೆಯೇ ಎಂದು ನಾನು ಹತ್ತು ಸಲ ಪರದೆ ಸರಿಸಿ ನೋಡಿದೆ. ಸಿದ್ರಾಮಪ್ಪನ ಆಳುಗಳು ಬೆನ್ನು ಹತ್ತಿದ್ದರೆ ನಮ್ಮ ಮೂವರ ಕಥೆ ಅಲ್ಲೇ ಮುಗಿಯುತ್ತಿತ್ತು. ಧೂಳಿನ ಹೊರತು ಏನೂ ಕಾಣಲಿಲ್ಲ.

ತೋಟದ ಬೇಲಿಯ ಹತ್ತಿರ ಅನುಸೂಯಾ ಗಾಡಿ ಹೊಡೆಯುವ ದಾಂಡಿಗನನ್ನು ನಿಲ್ಲಿಸಿದಳು. ಅವನ ಕಾಲಲ್ಲಿ ನಡೆದರೆ ಸಪ್ಪಳವಾಗುವ ದಪ್ಪ ಚಪ್ಪಲಿ. ಕಾಕಾನ ಮನುಷ್ಯ, ಒಳಗೆ ಬರುವುದು ಬೇಡ ಎಂದು ನನಗೆ ಪಿಸುಗುಟ್ಟಿದಳು. ಹುಡುಗಿ ಜಾಣೆ ಎಂದುಕೊಂಡೆ.

ಬಾವಿ ಹಳೆಯದು, ದೊಡ್ಡದು. ಕಲ್ಲಿನ ಕಟ್ಟೆಯ ಮೇಲಿಂದ ಒಂದು ಜಾಲಿ ಪೂರಾ ಒಳಗೆ ಬಾಗಿತ್ತು. ಕೊಂಬೆಗಳಿಗೆ ಹೋದ ಮಳೆಗಾಲದ ಒಣ ಗೂಡುಗಳು. ಒಂದು ಹಕ್ಕಿಯೂ ಇರಲಿಲ್ಲ. ನೀಲಗಂಗವ್ವ ಕೊಂಬೆಯ ಕಡೆ ಕಣ್ಣೆತ್ತಿ ಒಂದೊಂದಾಗಿ ಗೂಡು ಎಣಿಸಿ, “ಒಂಬತ್ತು. ಕಾಗದದಾಗೂ ಒಂಬತ್ತು,” ಎಂದಳು.

ಬಾವಿಯ ಗೋಡೆಯ ದಪ್ಪದೊಳಗೇ ಮೆಟ್ಟಿಲು ಇಳಿಯುತ್ತಿದ್ದವು. ಬಾಯಲ್ಲಿ ತೇಗದ ಬಾಗಿಲು, ಹೊರಗೆ ಅಗಳಿ. ಅನುಸೂಯಾ ಕೀಲಿಕೈಯನ್ನು ನನ್ನ ಕೈಯಲ್ಲಿಟ್ಟು ಹಿಂದೆ ಸರಿದಳು.

“ಅಪ್ಪಾ ಹೋದಾಗಿಂದ ನನಗ ಇಳ್ಯಾಕ ಕಾಲ ಬರೂದಿಲ್ರಿ. ನಾ ಮ್ಯಾಲ ನಿಂತು ನೋಡತೇನಿ. ಯಾರರ ಬಂದ್ರ ಕೂಗತೇನಿ.”

ಇಳಿದೆವು. ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ಜಾಗ. ಹದಿನೆಂಟನೆಯ ಮೆಟ್ಟಿಲಿಗೆ ಇನ್ನೊಂದು ಬಾಗಿಲು, ಅದಕ್ಕೆ ಕುದುರೆ ಲಾಳದಷ್ಟು ದೊಡ್ಡ ಕೀಲಿ. ನೀಲಗಂಗವ್ವ ನನ್ನ ಕೈಯಿಂದ ಕೀಲಿಕೈ ಕಸಿದುಕೊಂಡು ತಾನೇ ತೆಗೆದಳು.

ಸಣ್ಣ ಖೋಲಿ. ಬಾವಿಯ ಕಡೆಗೆ ಸಲಾಕೆಯ ಕಿಟಕಿ. ಕಿಟಕಿಯ ಬೆಳಕಿನಲ್ಲಿ ಚಾಪೆ, ಬೇವಿನ ಹಲಗೆ, ಒಂದು ಬಟ್ಟಲು ನೀರು. ಹಲಗೆಯ ಮುಂದೆ ಮಂಗಲ ಕೂತಿದ್ದಳು. ಕಾಲಿಗೆ ದನ ಕಟ್ಟುವ ಸರಪಳಿ. ಬದುಕಿದ್ದಳು.

ತಾಯಿ ಮಗಳನ್ನು ತಬ್ಬಿಕೊಂಡ ರೀತಿ ನೋಡಿ ನನ್ನ ಕಣ್ಣು ತುಂಬಿತು. ಮೂವತ್ತು ವರ್ಷದಲ್ಲಿ ನಾನು ಹೆಣಗಳನ್ನೇ ಹೆಚ್ಚು ಹುಡುಕಿದವನು. ಜೀವಂತ ಸಿಕ್ಕವರು ಬೆರಳೆಣಿಕೆ.

ಆದರೆ ಮಂಗಲ ಅಳಲಿಲ್ಲ. ತಾಯಿಯನ್ನು ದೂಡಿ ಅವಳ ಮುಖ ನೋಡಿದಳು.

“ಅವ್ವಾ, ನೀ ಯಾಕ ಬಂದಿ?”

“ನಿನ್ನ ಕರಕೊಂಡು ಹೋಗಾಕ, ನನ್ನವ್ವಾ. ಏಳು.”

“ಕೀಲಿ ಯಾರು ಕೊಟ್ರು?”

“ಮದುಮಗಳು. ದೇವರಂಥಾ ಹುಡುಗಿ. ಮ್ಯಾಲ ನಿಂತಾಳ.”

ಮಂಗಲ ತಾಯಿಯ ಎರಡೂ ಭುಜ ಹಿಡಿದುಕೊಂಡಳು.

“ಅವ್ವಾ, ಹನ್ನೊಂದು ದಿನ ನನಗ ರೊಟ್ಟಿ ತಂದಾಕಿ ಆಕಿನ.”

ಮೇಲೆ ತೇಗದ ಬಾಗಿಲು ಮುಚ್ಚಿದ ಸದ್ದು ಮೆಟ್ಟಿಲುಗಳ ಮೇಲೆ ಉರುಳಿಕೊಂಡು ಬಂತು. ಅದರ ಹಿಂದೆ ಅಗಳಿ ಬಿದ್ದದ್ದೂ ಕೇಳಿತು.

ರುಖವತದ ಮಾನ ಹೋದರೆ ಉರಿಯುವುದು ಮದುಮಗಳ ಹೊಟ್ಟೆ. ಬೀಗರ ಮುಂದೆ ಆರು ಪದರ ಬಂದರೆ ತಲೆ ತಗ್ಗಿಸಬೇಕಾದವಳು ಅವಳು. ಆ ಒಂದು ಹರಿದ ಕಾಗದಕ್ಕಾಗಿ ಸೆರೆಯಲ್ಲಿದ್ದವಳ ಕೈಗೆ ಚಾಕು ಕೊಟ್ಟು ಕೊರೆಸಿದಳು. ನಾನು ಮಾತ್ರ ಪದರ ಎಷ್ಟೆಂದೂ ಗೊತ್ತಿಲ್ಲದ ಮುದುಕನ ಬೆನ್ನು ಹತ್ತಿದ್ದೆ. ಜಮಾದಾರನಂತೆ ಜಮಾದಾರ!

“ದೇವರಮನಿ ಪೆಟ್ಟಿಗ್ಯಾಗಿಂದ ಆಕಿ ಕದ್ದು ತಂದ ಮೃತ್ಯುಪತ್ರದಾಗ ಎಲ್ಲಾ ಕಾಕಾನ ಹೆಸರಿಗಿತ್ತು,” ಎಂದಳು ಮಂಗಲ, ಉಸಿರು ಕಟ್ಟಿ. “ಈಗ ಆಕೀ ಹೆಸರಿಗೆ ಆಗೈತಿ. ನಾನ ಮಾಡಿದೆ. ಮಾಡದಿದ್ರ ನಿನ್ನ ಕೊಲ್ಲಸತೇನಿ ಅಂದಿದ್ಲು.”

ಹಲಗೆಯ ಮೇಲೆ ಪತ್ರ ಹರಡಿತ್ತು. ಕೊನೆಯಲ್ಲಿ ಸತ್ತವನ ಹೆಬ್ಬೆಟ್ಟು, ಅಲ್ಲೇ ಹುಟ್ಟಿದ್ದೇನೋ ಎಂಬಂತೆ ಕೂತಿತ್ತು. ಬೆಸುಗೆ ಹುಡುಕಿದೆ, ಕಾಣಲಿಲ್ಲ.

“ಮಂಗಲಾ.”

ದನಿ ಕಿಟಕಿಯಿಂದ ಬಂತು. ಕತ್ತು ಹೊರಳಿಸಿ ಮೇಲೆ ನೋಡಿದೆ. ಬಾವಿಯ ಕಟ್ಟೆಯ ಅಂಚಿನಲ್ಲಿ, ಗೂಡುಗಳ ನಡುವೆ, ಅನುಸೂಯಾಬಾಯಿಯ ಮುಖ. ಕಣ್ಣು ಒಣಗಿದ್ದವು.

“ಮಂಗಲಾ, ಕೆಲಸ ಮುಗೀತೇನ?”

ಮಂಗಲ ಹೂಂ ಎನ್ನಲು ಬಾಯಿ ತೆರೆದಳು. ನೀಲಗಂಗವ್ವ ಅಂಗೈಯಿಂದ ಆ ಬಾಯಿ ಮುಚ್ಚಿದಳು. ಇನ್ನೊಂದು ಕೈಯಿಂದ ಹಲಗೆಯ ಮೇಲಿನ ಚಾಕು ಎತ್ತಿಕೊಂಡು, ಪತ್ರದ ಮೇಲೆ ಬಗ್ಗಿ, ಹೆಬ್ಬೆಟ್ಟಿನ ಪದರದ ಒಂದು ಮೂಲೆಯನ್ನು ಮೆಲ್ಲನೆ ಎಬ್ಬಿಸಿದಳು. ಅವಳ ಕೈ ಕಿಂಚಿತ್ತೂ ನಡುಗಲಿಲ್ಲ. ಅಂಥ ಕೈಯನ್ನು ನಾನು ಮೊದಲ ಸಲ ನೋಡಿದೆ.

“ಇನ್ನೂ ಇಲ್ಲವಾ,” ಎಂದು ಮೇಲಕ್ಕೆ ಕೂಗಿದಳು. “ಹೆಬ್ಬಟ್ಟಿನ ಅಂಚು ಎದ್ದೈತಿ. ಯಾರರ ನೋಡಿದ್ರ ಸಿಗಬೀಳತೈತಿ. ಕೂಡಸಾಕ ಎರಡು ದಿನ ಬೇಕು.”

ಜಾಲಿಯ ಕೊಂಬೆ ಗಾಳಿಗೆ ಒಮ್ಮೆ ಕಿರುಗುಟ್ಟಿತು.

“ಎರಡು ದಿನ ಇಲ್ಲ, ಮಾವಶಿ. ನಾಳೆ ಸಂಜೀತನಾ ಕೊಡತೇನಿ.” ನೆರೆಮನೆಗೆ ಹೆಪ್ಪು ಕೇಳಲು ಬಂದವಳಷ್ಟು ಮೃದುವಾಗಿ ಮಾತಾಡುತ್ತಿದ್ದಳು. “ಆದರ ಒಂದು ಕೆಲಸಕ್ಕ ಇಬ್ಬರು ಯಾಕ? ನಿಮ್ಮಿಬ್ಬರಿಗೂ ಕೈ ಅದ ಐತಿ. ಒಬ್ಬರು ಸಾಕು.”

ತೇಗದ ಬಾಗಿಲಿನ ಅಗಳಿ ಸರಿದ ಸದ್ದು ಬಂತು. ದಪ್ಪ ಚಪ್ಪಲಿಯ ಸಪ್ಪಳ ಮೊದಲನೆಯ ಮೆಟ್ಟಿಲ ಮೇಲೆ ಬಿತ್ತು. ಆಮೇಲೆ ಎರಡನೆಯದು. ಗಾಡಿ ಹೊಡೆಯುವವನಿಗೆ ಅವಸರ ಇರಲಿಲ್ಲ.

“ಅಂವ ಇಳ್ಯಾಕ ಹತ್ಯಾನ,” ಎಂದಳು ಅನುಸೂಯಾಬಾಯಿ. “ಯಾರನ್ನ ಉಳಸಕೊಳ್ಳಲಿ? ಬ್ಯಾಗ ನೀವ ಹೇಳ್ರಿ, ಮಾವಶಿ.”

ಆ ಮಾತಿನಲ್ಲಿ ನನ್ನ ಪ್ರಸ್ತಾಪವೇ ಇರಲಿಲ್ಲ.